ಅಟ್ಟಕ್ಕೆ 4.5 ಕೋಟಿ, ಆಳಿಗೆ ಕಿಟಕಿಯೂ ಇಲ್ಲ!

ಗೆಳೆಯರೇ, ನಾನು ಎಂಜಿನಿಯರ್ ಅಲ್ಲ, ಆರ್ಕಿಟೆಕ್ಟ್ ಅಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿನಲ್ಲಿ ಕೂತವನು. ಸುಲ್ತಾನಪೇಟೆಯ ಗಲ್ಲಿಯಲ್ಲಿ ಮದುವೆ ಕಾರ್ಡು, ಬಿಲ್ ಬುಕ್ಕು, ಹ್ಯಾಂಡ್‌ಬಿಲ್ಲು ಅಚ್ಚು ಹಾಕಿ ಹೊಟ್ಟೆ ಹೊರೆಯುವವನು. ಆದರೆ ಅಟ್ಟ ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಪ್ರೆಸ್ಸಿನ ಅಟ್ಟದ ಮೇಲೇ ಮಲಗಿ ಬೆಳೆದವನು ನಾನು. ಕೆಳಗೆ ಟ್ರೆಡಲ್ ಮಷಿನ್ನಿನ ಸದ್ದು, ಮೇಲೆ ಕಾಗದದ ರೀಮುಗಳ ನಡುವೆ ಒಂದು ಚಾಪೆ. ಬೇಸಿಗೆಯಲ್ಲಿ ಬೆನ್ನು ಬೆಂದು ಹೋಗುತ್ತಿತ್ತು. ಬಡತನ ಇತ್ತು, ಮಲಗಿದೆವು. ಅದನ್ನು ಯಾರೂ ಸೊಗಸು ಅನ್ನಲಿಲ್ಲ.

ಹೋದ ತಿಂಗಳು ಅಂಥದೇ ಅಟ್ಟವನ್ನು 4.5 ಕೋಟಿಗೆ ಮಾರುವುದನ್ನು ಕಣ್ಣಾರೆ ಕಂಡು ಬಂದೆ!

ಊರಿನ ಪೂರ್ವಕ್ಕೆ ಒಂದು ಗಗನಚುಂಬಿ ಎದ್ದಿದೆ. ಹೆಸರು ಬೇಡ, ಇಂಥವು ಹತ್ತಾರಿವೆ. ಅವರ ಬ್ರೋಷರ್ ಅಚ್ಚಿನ ಕೆಲಸಕ್ಕೆ ನನಗೆ ಬುಲಾವ್ ಬಂತು. ‘ಮೊದಲು ಮಾದರಿ ಮನೆ ನೋಡಿ, ಆಮೇಲೆ ಕಾಗದ, ಬಣ್ಣ ಮಾತಾಡೋಣ’ ಅಂದರು. ಹೋದೆ. ಗೇಟಿನ ಬೋರ್ಡಿನಲ್ಲಿ ಮೇಲೆ ದಪ್ಪಗೆ ಕನ್ನಡ. 2024ರಲ್ಲಿ ತಿದ್ದುಪಡಿಯಾದ ಕಾನೂನು ಶೇ. 60 ಕೇಳುತ್ತದಲ್ಲ, ಅಳತೆ ಪಟ್ಟಿ ಹಿಡಿದು ಬರೆಸಿದಂತಿತ್ತು. ಆ ಬೋರ್ಡು ದಾಟಿದರೆ ಮುಗಿಯಿತು. ಒಳಗೆ ಶೇ. ಸೊನ್ನೆ!

ತೋರಿಸಲು ಬಂದವನು ಟೈ ಕಟ್ಟಿದ ಹುಡುಗ. ಇಂಗ್ಲಿಷಿನಲ್ಲೇ ಶುರು ಮಾಡಿದ. ನಾನು ಕನ್ನಡದಲ್ಲೇ ಉತ್ತರ ಕೊಟ್ಟೆ. ಲಿಫ್ಟ್ 10ನೇ ಮಹಡಿ ದಾಟಿದ ಮೇಲೆ ಮೆಲ್ಲಗೆ, ‘ಅಣ್ಣಾ, ನಮ್ದು ಚನ್ನರಾಯಪಟ್ಟಣ’ ಅಂದ. ಮತ್ಯಾಕಪ್ಪಾ ಇಂಗ್ಲಿಷು? ‘ಕನ್ನಡದಲ್ಲಿ ಶುರು ಮಾಡಿದ್ರೆ ಪ್ರಾಜೆಕ್ಟ್ ಲೆವೆಲ್ ಇಳಿಯುತ್ತೆ ಅಂತಾರಣ್ಣ.’

ಗಾಜಿನ ಒಲೆ

ಬಾಗಿಲು ತೆರೆದ. ತಲೆ ಎತ್ತಿ ನೋಡಿದರೆ 18 ಅಡಿ ಎತ್ತರದ ಹಾಲು. ಎದುರಿಗೆ ನೆಲದಿಂದ ತಾರಸಿವರೆಗೂ ಗಾಜು, ಅದೂ ಪಡುವಣಕ್ಕೆ! ಸಂಜೆ 4 ಗಂಟೆ. ಬಿಸಿಲು ಸೋಫಾದ ಮೇಲೆ ಕಾಲು ಚಾಚಿ ಕೂತಿತ್ತು, ನಮಗೆ ಕೂರಲು ಜಾಗವಿಲ್ಲ. ಎರಡು ಏಸಿ ಓಡುತ್ತಿದ್ದವು. ಸಮುದ್ರಮಟ್ಟದಿಂದ 3000 ಅಡಿ ಮೇಲಿದೆ ನಮ್ಮ ಊರು. ಮಂಗಳೂರು ಹೆಂಚು, ಮದ್ರಾಸ್ ತಾರಸಿ, ಬಿಸಿಲಿಗೆ ಮರೆಯಾಗುವ ಮಂಕಿಟಾಪ್ ಕಿಟಕಿ, ಎದುರುಬದುರು ಗಾಳಿಗಂಡಿ ಇಟ್ಟು ಫ್ಯಾನೂ ಇಲ್ಲದೆ ಬಾಳಿದ ಊರು. ಅಂಥ ಊರಿನಲ್ಲಿ ಗಾಜಿನ ಒಲೆ ಕಟ್ಟಿ, ಅದನ್ನು ತಣಿಸಲು ಕರೆಂಟು ಸುಡುವುದಕ್ಕೆ ಡಿಸೈನ್ ಅನ್ನುತ್ತಾರೆ.

ಬೆಳಕಿನ ವಿಷಯ ನನ್ನಂಥವನಿಗೆ ಗೊತ್ತು. ಅಚ್ಚಾದ ಹಾಳೆಯ ಬಣ್ಣ ಸರಿಯಿದೆಯೇ ಅಂತ ನೋಡಲು ಉತ್ತರದ ಕಿಟಕಿಗೆ ಹಿಡಿಯುತ್ತೇವೆ. ಆ ಬೆಳಕು ಸ್ಥಿರ, ತಂಪು. ಪಡುವಣದ ಬಿಸಿಲಿಗೆ ಕಾಗದವನ್ನೂ ಒಡ್ಡುವುದಿಲ್ಲ. ಇಲ್ಲಿ ಮನುಷ್ಯರನ್ನು ಒಡ್ಡಿದ್ದಾರೆ!

ಗೋಡೆಯಲ್ಲಿ ಗಾರೆ ಮಾಡದ ಕೆಂಪು ಇಟ್ಟಿಗೆ. ಬೆರಳಲ್ಲಿ ತಟ್ಟಿದೆ, ಟೊಳ್ಳು ಸದ್ದು. ಇಟ್ಟಿಗೆಯಲ್ಲ, ಅಂಟಿಸಿದ ಅರ್ಧ ಇಂಚಿನ ಟೈಲು. ಮೇಲೆ ಕಪ್ಪು ಕೊಳವೆಗಳು ಓಡಾಡಿದ್ದವು. ಇದರಲ್ಲಿ ಏನು ಹರಿಯುತ್ತದಪ್ಪಾ ಅಂದೆ. ‘ಏನೂ ಇಲ್ಲಣ್ಣ, ಫ್ಯಾಕ್ಟರಿ ಲುಕ್ ಬರ್ಲಿ ಅಂತ.’

ಒಂದು ಪಕ್ಕದಲ್ಲಿ ಕೈಪಿಡಿ ಇಲ್ಲದ ಕಬ್ಬಿಣದ ಮೆಟ್ಟಿಲು. ಹತ್ತಿದರೆ ಅಟ್ಟ. ಅದೇ ಮಲಗುವ ಕೋಣೆ! ಗೋಡೆಯಿಲ್ಲ, ಬಾಗಿಲಿಲ್ಲ. ಕೆಳಗೆ ಟೀವಿ ಹಾಕಿದರೆ ಮೇಲೆ ನಿದ್ದೆ ಇಲ್ಲ. ಅಡುಗೆಮನೆಗೂ ಗೋಡೆ ಇಲ್ಲ. ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಘಾಟು ನೇರ ಮೇಲಕ್ಕೆ, ದಿಂಬಿಗೆ. ಬಿಸಿಗಾಳಿ ಮೇಲಕ್ಕೇರುತ್ತದೆ ಅಂತ ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಓದಿದ್ದೇವೆ. ಇವರ ಆರ್ಕಿಟೆಕ್ಟ್ ಆ ದಿನ ಚಕ್ಕರ್ ಹೊಡೆದಿದ್ದನೇನೋ! ಮೇಲೆ ಬಚ್ಚಲಿಲ್ಲ. ಮಂಡಿನೋವಿನ ತಾಯಿ ರಾತ್ರಿ ಎದ್ದರೆ ಕೈಪಿಡಿಯಿಲ್ಲದ ಆ ಮೆಟ್ಟಿಲೇ ಗತಿ. ಆಕೆಗೆ ಎಲ್ಲಿ ಮಂಚ ಹಾಕುತ್ತೀರಿ ಅಂದರೆ ಹುಡುಗ ನಕ್ಕ. ‘ಅಣ್ಣಾ, ಇಂಥ ಮನೆ ತಗೊಳ್ಳೋರ ತಾಯಿ ಇಲ್ಲಿರಲ್ಲ.’

ಹುಟ್ಟಿದ್ದು ಖಾಲಿ ಕಾರ್ಖಾನೆಯಲ್ಲಿ

ಈ ‘ಲಾಫ್ಟ್’ ಎಲ್ಲಿಂದ ಬಂತು ಗೊತ್ತೆ? ನ್ಯೂಯಾರ್ಕಿನ ಸೋಹೋದಿಂದ. ಎರಡನೇ ಮಹಾಯುದ್ಧದ ನಂತರ ಅಲ್ಲಿನ ಕಾರ್ಖಾನೆ, ಗೋದಾಮುಗಳು ಒಂದೊಂದಾಗಿ ಖಾಲಿಯಾದವು. ದುಬಾರಿ ಬಾಡಿಗೆ ಕಟ್ಟಲಾಗದ ಚಿತ್ರಕಾರರು, ಶಿಲ್ಪಿಗಳು 1960ರ ದಶಕದಲ್ಲಿ ಆ ಮಹಡಿಗಳಿಗೆ ಹೊಕ್ಕರು. ಮಷಿನ್ನಿಗಾಗಿ ಕಟ್ಟಿದ ಎತ್ತರದ ತಾರಸಿ ದೊಡ್ಡ ಕ್ಯಾನ್ವಾಸಿಗೆ ಒದಗಿತು. ಕೆಲಸಗಾರರಿಗಾಗಿ ಇಟ್ಟ ದೊಡ್ಡ ಕಿಟಕಿ ಬೆಳಕು ಕೊಟ್ಟಿತು. ಅಲ್ಲಿ ವಾಸ ಮಾಡುವುದು ಕಾನೂನುಬಾಹಿರವಾಗಿತ್ತು. ಹೋರಾಡಿ 1971ರಲ್ಲಿ ಕಲಾವಿದರಿಗೆ ಅನುಮತಿ ಪಡೆದರು. ಆಮೇಲೆ ದುಡ್ಡಿನವರು ಬಂದರು, ಬಾಡಿಗೆ ಏರಿತು, ಕಲಾವಿದರು ಗಂಟು ಮೂಟೆ ಕಟ್ಟಿದರು. ದುಡಿಮೆ ಹೋಯಿತು, ಅದರ ವೇಷ ಉಳಿಯಿತು. ಆ ವೇಷವೇ ಈಗ ನಮ್ಮೂರಿಗೆ ಬಂದಿದೆ.

ನಮ್ಮೂರಿನಲ್ಲಿ ಗಿರಣಿ ಇರಲಿಲ್ಲವೇ? 1884ರಲ್ಲಿ ಶುರುವಾದ ಬಿನ್ನಿ ಮಿಲ್ ಇತ್ತು. ಮಲ್ಲೇಶ್ವರದಲ್ಲಿ ರಾಜಾ ಮಿಲ್ ಇತ್ತು. ಆ ಇಟ್ಟಿಗೆ ಗೋಡೆಗಳ ಒಳಗೆ ಸಾವಿರಾರು ಕಾರ್ಮಿಕರು ಮೂರು ಪಾಳಿ ದುಡಿದರು. ಬಿನ್ನಿ ಮಿಲ್ ಜಾಗದಲ್ಲಿ ಅಪಾರ್ಟ್‌ಮೆಂಟು ಎದ್ದವು. ರಾಜಾ ಮಿಲ್ ಜಾಗದಲ್ಲಿ 2010ರಿಂದ ಮಾಲ್ ಇದೆ. ನಿಜವಾದ ಇಟ್ಟಿಗೆಯನ್ನು ಲಾರಿಯಲ್ಲಿ ಸಾಗಿಸಿ, 20 ಕಿಲೋಮೀಟರ್ ಆಚೆ ಗಾಜಿನ ಗೋಪುರ ಕಟ್ಟಿ, ಅದಕ್ಕೆ ಸುಳ್ಳು ಇಟ್ಟಿಗೆ ಅಂಟಿಸುವವರಿಗೆ ಏನನ್ನಬೇಕು? ಕಾರ್ಮಿಕ ಬೇಡ, ಅವನ ಗೋಡೆ ಬೇಕು!

ಗೋಡೆಯ ಮೇಲಿನ ಮೊಳೆ

ಇಷ್ಟು ನೋಡಿ ನಕ್ಕು ಬರುತ್ತಿದ್ದೆ. ಆದರೆ ಊಟದ ಮೇಜಿನ ಹಿಂದೆ ಒಂದು ದೊಡ್ಡ ಚೌಕಟ್ಟು ತೂಗುಹಾಕಿದ್ದರು. ಹತ್ತಿರ ಹೋದೆ. ಸೀಸದ ಅಚ್ಚುಮೊಳೆಗಳು. ಕನ್ನಡದ ಮೊಳೆಗಳು! ಅಂಟು ಹಾಕಿ ಸಾಲಾಗಿ ಕೂರಿಸಿದ್ದರು. ಮೊಳೆಯಲ್ಲಿ ಅಕ್ಷರ ತಿರುವುಮುರುವಾಗಿರುತ್ತದೆ, ನಮಗದು ಸಲೀಸು. ಓದಲು ನೋಡಿದೆ. ಯಾವುದೂ ಮಾತಾಗಲಿಲ್ಲ. ಎಲ್ಲೋ ಒಂದು ‘ಕ’, ಪಕ್ಕದಲ್ಲಿ ಹೆತ್ತವರಿಲ್ಲದ ಮಗುವಿನಂತೆ ಒಂದು ಒತ್ತು, ತಲೆಕೆಳಗಾದ ‘ಮ’, ಒಂದು ಕೊಂಬು. ಹನ್ನೆರಡನೇ ವಯಸ್ಸಿನಲ್ಲಿ ಅಪ್ಪನ ಪಕ್ಕ ಸ್ಟೂಲು ಹಾಕಿಕೊಂಡು ನಿಂತು ಅಂಥ ಮೊಳೆಗಳನ್ನು ಒಂದೊಂದಾಗಿ ಸ್ಟಿಕ್ಕಿಗೆ ಜೋಡಿಸಿದವನು ನಾನು. ಒಂದು ಒತ್ತು ತಪ್ಪಿದರೆ ಅಪ್ಪ ಇಡೀ ಸಾಲು ಬಿಚ್ಚಿಸುತ್ತಿದ್ದರು.

ತಪ್ಪು ಒಪ್ಪಿಕೊಳ್ಳುತ್ತೇನೆ. ಆಫ್‌ಸೆಟ್ ಬಂದ ಮೇಲೆ 2004ರಲ್ಲಿ ಅಪ್ಪನ ಮೊಳೆಗಳನ್ನೆಲ್ಲ ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕಿದವನು ನಾನೇ. ಅಂದು ಅಪ್ಪ ಊಟ ಮಾಡಲಿಲ್ಲ. ಗೋಡೆಯ ಮೇಲಿದ್ದವು ಅವೇ ಅಂತ ನಾನು ಹೇಳಲಾರೆ. ಆದರೆ ನಮ್ಮಂಥವರ ಕೈಯಿಂದ ಜಾರಿದ್ದೇ ಅಲ್ಲಿಗೆ ಸೇರಿದೆ.

ಕೆಳಗೆ ಆಫೀಸಿಗೆ ಬಂದು, ಬ್ರೋಷರಿನಲ್ಲಿ ನಾಲ್ಕು ಪುಟ ಕನ್ನಡ ಹಾಕೋಣ ಅಂದೆ. ಮ್ಯಾನೇಜರು ನಕ್ಕರು. ‘ನಮ್ಮ ಗಿರಾಕಿಗಳು ಕನ್ನಡ ಓದಲ್ಲ.’ ಗೋಡೆಯ ಮೇಲೆ ಕನ್ನಡ ಯಾಕೆ ಹಾಗಾದರೆ? ‘ಅದು ಡೆಕೋರ್!’ ಕೇಳಿದಿರಾ ಗೆಳೆಯರೇ? ಅಲಂಕಾರಕ್ಕೆ ಕನ್ನಡ, ವ್ಯವಹಾರಕ್ಕೆ ಇಂಗ್ಲಿಷ್! ಅರ್ಥವಿಲ್ಲದಂತೆ ಅಂಟಿಸಿದ ಕನ್ನಡ ಬೇಕು, ಅರ್ಥವಾಗುವ ಕನ್ನಡ ಬೇಡ! ಆರ್ಡರು ಬಿಟ್ಟು ಎದ್ದು ಬಂದೆ. ಆ ತಿಂಗಳ ಬಾಡಿಗೆಗೆ ಸಾಲ ಮಾಡಿದ್ದೂ ನಿಜ.

ಸ್ಟೋರ್ ಎಂಬ ಕೋಣೆ

ಅಲ್ಲಿ ನೋಡಿದ್ದರಲ್ಲಿ ಇನ್ನೊಂದನ್ನು ಹೇಳಬೇಕು. ಅಡುಗೆಮನೆಯ ಹಿಂದೆ ಒಂದು ಸಣ್ಣ ಬಾಗಿಲಿತ್ತು. ಹುಡುಗ ತೋರಿಸದೆ ದಾಟಿದ. ನಾನೇ ತೆಗೆದೆ. ಮನೆಗೆಲಸದವಳ ಕೋಣೆ. 6 ಅಡಿಗೆ 5 ಅಡಿ. ಕಿಟಕಿ ಇಲ್ಲ. ಹಾಲಿನಲ್ಲಿ ಕಿಟಕಿಯೇ ಗೋಡೆ, ಇಲ್ಲಿ ಅಂಗೈಯಗಲ ಗಂಡಿಗೂ ಗತಿಯಿಲ್ಲ! ರಾಷ್ಟ್ರೀಯ ಕಟ್ಟಡ ಸಂಹಿತೆ ಪ್ರಕಾರ ಮನೆಯ ಒಂದು ಕೋಣೆ ಕನಿಷ್ಠ 9.5 ಚದರ ಮೀಟರ್, ಎರಡನೆಯದು 7.5, ಅಂದರೆ ಸುಮಾರು 80 ಚದರಡಿ ಇರಬೇಕು. ಇದು 30. ನಕ್ಷೆಯಲ್ಲಿ ಅದಕ್ಕೆ ‘ಸ್ಟೋರ್’ ಅಂತ ಹೆಸರು. ಸಾಮಾನಿಗೆ ಗಾಳಿ ಯಾಕೆ ಬೇಕು?

ಅದೇ ಸಂಹಿತೆಯಲ್ಲಿ ‘ಲಾಫ್ಟ್’ ಪದವೂ ಇದೆ. ಅದರ ಅರ್ಥ ಸಾಮಾನು ಇಡುವ ಅಟ್ಟ, ಎತ್ತರ 1.5 ಮೀಟರಿಗೆ ಮೀರಬಾರದು. ಹಾಗೆ ನೋಡಿದರೆ ಆ ಮನೆಯಲ್ಲಿ ನಿಜವಾದ ಲಾಫ್ಟು ಈ ಕಿಟಕಿಯಿಲ್ಲದ ಕೋಣೆಯೇ. ಮನುಷ್ಯರನ್ನು ಸಾಮಾನಿನಂತೆ ಇಟ್ಟಿರುವುದು ಅಲ್ಲಿ.

ನಿಮಗೆ ಕೋಟಿಯ ಮನೆ ಯಾಕೆ ಅನ್ನಬೇಡಿ. ಇವತ್ತು ಅಲ್ಲಿ ಕಂಡ ವೇಷ ನಾಳೆ 60 ಲಕ್ಷದ ಫ್ಲ್ಯಾಟಿಗೂ ಬರುತ್ತದೆ. ನೀವು ಸಾಲ ಮಾಡಿ ಕೊಳ್ಳುವವರು. ಹೋದಾಗ ಕನ್ನಡದಲ್ಲೇ ಕೇಳಿ. ಗಾಜು ಯಾವ ದಿಕ್ಕಿಗೆ? ಗಾಳಿ ಎಲ್ಲಿಂದ ಬಂದು ಎಲ್ಲಿ ಹೋಗುತ್ತದೆ? ಅಮ್ಮ ಎಲ್ಲಿ ಮಲಗುತ್ತಾಳೆ? ಕಾರ್ಪೆಟ್ ಏರಿಯಾ ಎಷ್ಟು? 2016ರ ರೇರಾ ಕಾಯಿದೆ ಪ್ರಕಾರ ಅದನ್ನು ಹೇಳಲೇಬೇಕು. ಕೊನೆಗೆ, ಆ ಸಣ್ಣ ಬಾಗಿಲು ತೆಗೆದು ನೋಡಿ. ಕೆಲಸದವಳಿಗೆ ಕಿಟಕಿ ಇಡದವನು ನಿಮಗೆ ಒಳ್ಳೆಯ ಮನೆ ಕಟ್ಟಿದ್ದಾನೆ ಅಂತ ನಂಬಬೇಡಿ.

ಹೊರಡುವಾಗ ಚನ್ನರಾಯಪಟ್ಟಣದ ಹುಡುಗನನ್ನು, ನೀನೆಲ್ಲಿರ್ತೀಯಪ್ಪಾ ಅಂದೆ. ‘ಪೀಜಿ ಅಣ್ಣ. ಒಂದು ರೂಮಲ್ಲಿ ನಾಲ್ಕು ಜನ.’ ಸ್ವಲ್ಪ ಹೊತ್ತು ಸುಮ್ಮನಿದ್ದು ಸೇರಿಸಿದ, ‘ಕಿಟಕಿ ಇದೆ ಅಣ್ಣ.’