ಗುಲ್ಮದ ಗಡ್ಡೆಯೂ ಯಂತ್ರದ ಸಾಕ್ಷ್ಯವೂ

ಹೊಟ್ಟೆಯ ಎಡಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿ, ಮುಷ್ಟಿಯಷ್ಟು ಗಾತ್ರದ ಒಂದು ಅಂಗವುಂಟು. ಅದೇ ಗುಲ್ಮ. ವಯಸ್ಕರಲ್ಲಿ ಅದರ ತೂಕ ಸುಮಾರು 150 ಗ್ರಾಂ. ಹಳೆಯ ಕೆಂಪು ರಕ್ತಕಣಗಳನ್ನು ಸೋಸಿ ತೆಗೆಯುವುದೂ ರಕ್ತದಲ್ಲಿ ನುಸುಳಿದ ರೋಗಾಣುಗಳನ್ನು ಹಿಡಿಯುವುದೂ ಅದರ ಕಾರ್ಯ. ಈ ಅಂಗದಲ್ಲಿಯೇ ಹುಟ್ಟುವ ಗಡ್ಡೆಗಳು ಬಹು ವಿರಳ. ಬೇರಾವುದೋ ಕಾರಣಕ್ಕಾಗಿ ಹೊಟ್ಟೆಯ ಚಿತ್ರ ತೆಗೆಸಿದಾಗ ಅವು ಅಕಸ್ಮಾತ್ತಾಗಿ ಕಣ್ಣಿಗೆ ಬೀಳುವುದುಂಟು. ಆಗ ಏಳುವ ಪ್ರಶ್ನೆ: ಗುಲ್ಮವನ್ನು ತೆಗೆಯಬೇಕೇ, ಉಳಿಸಬೇಕೇ?

ನಾವು ವೈದ್ಯರಲ್ಲ, ಭೌತವಿಜ್ಞಾನವನ್ನು ಬೋಧಿಸುವವರು. ಆದರೆ ಆ ಚಿತ್ರಗಳನ್ನು ಕೊಡುವ ಯಂತ್ರಗಳು ನಮ್ಮ ಶಾಸ್ತ್ರದ ಫಲಗಳು. ಅವುಗಳ ಶಕ್ತಿಯನ್ನು ಕೊಂಡಾಡುವ ನಾವು ಮಿತಿಯನ್ನೂ ಹೇಳುವುದು ನ್ಯಾಯ.

ಶ್ರವಣಾತೀತ ಧ್ವನಿಯನ್ನು ತೆಗೆದುಕೊಳ್ಳೋಣ. ದೇಹದ ಮೃದುಭಾಗಗಳಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1540 ಮೀಟರು. ಹೊಟ್ಟೆಯ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಬಳಸುವ ಅಲೆಗಳು ಸೆಕೆಂಡಿಗೆ ಸುಮಾರು 35 ಲಕ್ಷ ಸಲ ಕಂಪಿಸುವುವು. ಭಾಗಿಸಿ ನೋಡಿದರೆ ಅಲೆಯ ಉದ್ದ 0.44 ಮಿಲಿಮೀಟರು. ಜೀವಕೋಶದ ಅಗಲವಾದರೋ ಸುಮಾರು 0.01 ಮಿಲಿಮೀಟರು. ತನಗಿಂತ ನಲವತ್ತು ಪಾಲು ಚಿಕ್ಕದಾದ ವಸ್ತುವಿನ ರೂಪವನ್ನು ಇಂಥ ಅಲೆ ತೋರಿಸಲಾರದು.

ಕ್ಷ-ಕಿರಣಗಳ ಸಿ.ಟಿ. ಚಿತ್ರದಲ್ಲಿಯೂ ಜೀವಕೋಶ ಕಾಣದು. ಅಲ್ಲಿ ಇನ್ನೊಂದು ತೊಡಕೂ ಉಂಟು. ಅಯೋಡಿನ್ ಸೇರಿದ ದ್ರವವನ್ನು ರಕ್ತನಾಳಕ್ಕೆ ಚುಚ್ಚಿದ ಮೊದಲ ಅರ್ಧ ನಿಮಿಷದಲ್ಲಿ ಆರೋಗ್ಯವಂತ ಗುಲ್ಮವೂ ಪಟ್ಟೆಪಟ್ಟೆಯಾಗಿ ಕಾಣುವುದು. ಅದರೊಳಗೆ ರಕ್ತ ಎಲ್ಲೆಡೆಯೂ ಒಂದೇ ವೇಗದಿಂದ ಹರಿಯದಿರುವುದೇ ಕಾರಣ. ಒಂದು ನಿಮಿಷ ಕಳೆದ ಮೇಲೆ ತೆಗೆದ ಚಿತ್ರದಲ್ಲಿ ಆ ಪಟ್ಟೆಗಳೇ ಇರುವುದಿಲ್ಲ!

ಗಡ್ಡೆ ಎಲ್ಲಿದೆ, ಎಷ್ಟಿದೆ ಎಂಬುದನ್ನು ಚಿತ್ರ ಹೇಳುವುದು. ಅದು ಏನೆಂಬುದನ್ನು ಖಚಿತವಾಗಿ ಹೇಳಬಲ್ಲುದು ಸೂಕ್ಷ್ಮದರ್ಶಕವೇ. ಗುಲ್ಮದ ರಕ್ತಕುಹರಗಳ ಒಳಪದರದಿಂದ ಬೆಳೆಯುವ ‘ಲಿಟೊರಲ್ ಸೆಲ್ ಆಂಜಿಯೋಮ’ವನ್ನು ಫಾಕ್ ಮತ್ತು ಸಂಗಡಿಗರು ಪ್ರತ್ಯೇಕ ಜಾತಿಯೆಂದು ವರ್ಣಿಸಿದುದು 1991ರಲ್ಲಿ, ಜೀವಕೋಶಗಳನ್ನು ಪರೀಕ್ಷಿಸಿ. ಬಹುಮಟ್ಟಿಗೆ ನಿರಪಾಯವಾದ ಈ ಗಡ್ಡೆಯ ಚುಕ್ಕೆಗಳು ಚಿತ್ರದಲ್ಲಿ ಲಿಂಫೋಮ ಎಂಬ ಅರ್ಬುದವನ್ನು ಹೋಲಬಲ್ಲವು. ನಮ್ಮ ದೇಶದಲ್ಲಿ ಇನ್ನೂ ವ್ಯಾಪಕವಾಗಿರುವ ಕ್ಷಯರೋಗವೂ ಗುಲ್ಮದಲ್ಲಿ ಅಂಥವೇ ಚುಕ್ಕೆಗಳನ್ನು ಮೂಡಿಸಬಲ್ಲದು. ಅದಕ್ಕೆ ಮುಖ್ಯ ಚಿಕಿತ್ಸೆ ಔಷಧವೇ ಹೊರತು ಕತ್ತರಿಯಲ್ಲ.

“ಸಂದೇಹವಿದ್ದರೆ ತೆಗೆದುಬಿಡಿ, ಗುಲ್ಮವಿಲ್ಲದೆಯೂ ಬದುಕಬಹುದು” ಎಂಬ ವಾದವುಂಟು. ಅದು ನಿರಾಧಾರವಲ್ಲ. ಆಂಜಿಯೋಸಾರ್ಕೋಮವೆಂಬ ಮಾರಕ ಗಡ್ಡೆ ಬೇಗ ಹರಡುವುದು. ಗುಲ್ಮ ಒಡೆದು ರಕ್ತಸ್ರಾವವಾಗುವುದೂ ಉಂಟು. ಅಲ್ಲಿ ವಿಳಂಬವೇ ಅಪಾಯ. ಸೂಜಿಯಿಂದ ಚೂರು ತೆಗೆದು ಪರೀಕ್ಷಿಸೋಣವೆಂದರೆ ಗುಲ್ಮ ರಕ್ತದಿಂದ ತುಂಬಿದ ಅಂಗ. ನುರಿತ ಕೈಯೇ ಬೇಕು. ಆದರೆ ಗುಲ್ಮವನ್ನು ಕಳೆದುಕೊಳ್ಳುವುದಕ್ಕೂ ಬೆಲೆಯುಂಟು. ಗುಲ್ಮ ತೆಗೆಸಿಕೊಂಡ ಶಿಶುಗಳಿಗೆ ಘೋರವಾದ ಸೋಂಕು ತಗುಲಿದುದನ್ನು ಕಿಂಗ್ ಮತ್ತು ಶುಮಾಕರ್ 1952ರಲ್ಲಿಯೇ ವರದಿ ಮಾಡಿದರು. ಆ ಭಯ ವಯಸ್ಕರಿಗೂ ಇದೆ, ಜೀವಮಾನವಿಡೀ ಇರುತ್ತದೆ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು. ಒಂದು ಚಿತ್ರವನ್ನೇ ತೀರ್ಪೆಂದು ಭಾವಿಸಬಾರದು. ಗಡ್ಡೆ ಚಿಕ್ಕದಾಗಿದ್ದು, ತೊಂದರೆ ಕೊಡದೆ, ಸೌಮ್ಯಲಕ್ಷಣಗಳನ್ನೇ ತೋರುತ್ತಿದ್ದರೆ ಕೆಲವು ತಿಂಗಳ ಅಂತರದಲ್ಲಿ ಮತ್ತೆ ಚಿತ್ರ ತೆಗೆದು ಹೋಲಿಸಬೇಕು. ಬೆಳೆಯುತ್ತಿದ್ದರೆ, ಮಾರಕವೆಂಬ ಶಂಕೆ ಬಲವಾಗಿದ್ದರೆ ತಡಮಾಡಬಾರದು. ಅವಕಾಶವಿದ್ದಲ್ಲಿ ಶಸ್ತ್ರಕ್ರಿಯೆಗೆ ಕನಿಷ್ಠ ಎರಡು ವಾರ ಮುಂಚೆಯೇ ನ್ಯೂಮೋಕಾಕಸ್ ಮೊದಲಾದ ರೋಗಾಣುಗಳ ವಿರುದ್ಧ ಲಸಿಕೆ ಹಾಕಿಸಬೇಕು. ತೆಗೆದ ಗುಲ್ಮವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ಕಂಡುದನ್ನು ಪ್ರಕಟಿಸಬೇಕು. ವಿರಳ ರೋಗದ ಜ್ಞಾನ ಬೆಳೆಯುವುದು ಹೀಗೆ ಒಂದೊಂದಾಗಿ ಕೂಡಿದ ವರದಿಗಳಿಂದಲೇ.

ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಅಳತೆಯ ಜೊತೆಗೆ ಉಪಕರಣದ ದೋಷಮಿತಿಯನ್ನೂ ಬರೆಯಬೇಕೆಂದರೆ ಬೇಸರಪಡುವುದುಂಟು. ಆ ಮಿತಿಯನ್ನು ಮರೆತರೆ ಪ್ರಯೋಗಶಾಲೆಯಲ್ಲಿ ಕಳೆದುಹೋಗುವುದು ಅಂಕ. ಆಸ್ಪತ್ರೆಯಲ್ಲಿ ಒಂದು ಅಂಗವೇ ಹೋಗಬಹುದು.