ಟ್ರಯಲ್ ಹೆಸರಲ್ಲಿ ಬಿಟ್ಟಿ ದುಡಿಮೆ ಸಾಕು! ಕಲಿಸದೆ ಚಾವಿ ಕೊಡಬೇಡಿ!

ಮುಗಳಖೋಡ, ಹಾರೂಗೇರಿ, ರಾಯಬಾಗ, ಅಥಣಿ, ಕಾಗವಾಡ, ಚಿಕ್ಕೋಡಿ, ನಿಪ್ಪಾಣಿ ಭಾಗದ ಲಾರಿ ಡ್ರೈವರ್ ಅಣ್ಣಂದಿರೇ, ಕ್ಲೀನರ್ ತಮ್ಮಂದಿರೇ, ಮಗನನ್ನು ಗಾಡಿ ಮೇಲೆ ಕಳಿಸಿ ನಿದ್ದೆಗೆಟ್ಟ ತಾಯಂದಿರೇ!

ಕಬ್ಬಿನ ಸೀಜನ್ ಬಂತು. ಮಾಲಕರಿಗೆ ಡ್ರೈವರ್ ಬೇಕು. ಇವತ್ತೇ ಬೇಕು! "ಬಾರೋ ತಮ್ಮಾ, ನಾಕ ದಿನ ಟ್ರಯಲ್ ನೋಡೂಣು, ಆಮ್ಯಾಲೆ ಪಗಾರದ ಮಾತು" ಅಂತಾರೆ. ನಾಲ್ಕು ದಿನ ಹದಿನೈದಾಗುತ್ತದೆ. ಹದಿನೈದು ದಿನ ತಿಂಗಳಾಗುತ್ತದೆ. ಪಗಾರದ ಮಾತು ಮಾತ್ರ ಬರುವುದೇ ಇಲ್ಲ!

ಈ ಟ್ರಯಲ್‌ನಲ್ಲಿ ನಮಗೆ ಕಲಿಸುವವರು ಯಾರು? ಯಾರೂ ಇಲ್ಲ! ಗಾಡಿ ತೊಳೆ. ಹಗ್ಗ ಬಿಗಿ. ಪಂಕ್ಚರ್ ಆದರೆ ಜಾಕ್ ಹಚ್ಚು. ಕಾರ್ಖಾನೆ ಯಾರ್ಡಿನಲ್ಲಿ ನಂಬರ್ ಬರುವ ತನಕ ರಾತ್ರಿಯಿಡೀ ಎಚ್ಚರ ಇರು. ಹಳೇ ಡ್ರೈವರ್‌ಗೆ ಜೊಂಪು ಹತ್ತಿದರೆ ನಡುರಾತ್ರಿ ಸ್ಟೇರಿಂಗ್ ನಿಮ್ಮ ಕೈಗೆ. ಹಿಂದೆ ಗಾಡಿಯ ಅಗಲ ಮೀರಿ ಚಾಚಿದ ಕಬ್ಬು. ಮುಂದೆ ಲೈಟೇ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್. ಇದಕ್ಕೆ ಕಲಿಕೆ ಅನ್ನುತ್ತಾರೆಯೇ?

ನಿಪ್ಪಾಣಿ ಹತ್ತಿರದ ತವಂದಿ ಘಾಟ್ ಯಾರಿಗೆ ಗೊತ್ತಿಲ್ಲ? ಇಳುಕಲು ಬಂದ ಕೂಡಲೇ ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕುವುದನ್ನು ನಮ್ಮ ಹುಡುಗರು ಹಿಂದಿನವರನ್ನು ನೋಡಿ ಕಲಿಯುತ್ತಾರೆ. ಗೇರ್ ಬಿಟ್ಟರೆ ಎಂಜಿನ್ ಗಾಡಿಯನ್ನು ಹಿಡಿಯುವುದಿಲ್ಲ. ಲೋಡಿನ ಭಾರವೆಲ್ಲ ಬ್ರೇಕ್ ಮೇಲೆ. ಒತ್ತಿ ಒತ್ತಿ ಡ್ರಮ್ ಕಾಯುತ್ತದೆ. ಲೈನರ್ ಸುಟ್ಟ ವಾಸನೆ ಬರುತ್ತದೆ. ಹವಾ ಮೀಟರಿನ ಮುಳ್ಳು ಇಳಿಯುತ್ತದೆ. ಆಮೇಲೆ ಎಷ್ಟು ತುಳಿದರೂ ಬ್ರೇಕ್ ಹತ್ತುವುದಿಲ್ಲ!

ಏರುವ ಗೇರಿನಲ್ಲೇ ಇಳಿಯಬೇಕು. ಇಷ್ಟೇ ಪಾಠ! ಹಗಲು ಹೊತ್ತಿನಲ್ಲಿ ಪಕ್ಕದಲ್ಲಿ ಕೂತು ಎರಡು ಸಲ ಇಳಿಸಿ ತೋರಿಸಿದರೆ ಒಂದು ಜೀವ ಉಳಿಯುತ್ತದೆ. ಅದಕ್ಕೆ ಮಾಲಕರಿಗೆ ಪುರಸೊತ್ತಿಲ್ಲ. ಡೀಸೆಲ್ ಹೆಚ್ಚು ಹೋಯಿತೆಂದು ಪಗಾರ ಮುರಿಯಲು ಮಾತ್ರ ಪುರಸೊತ್ತಿದೆ!

ಗಾಡಿ ಉರುಳಿದ ದಿನ ಏನಾಗುತ್ತದೆ, ನೀವೇ ಕಂಡಿದ್ದೀರಿ. ಮಾಲಕರ ಫೋನ್ ಬಂದ್. ಕೇಸು ಹುಡುಗನ ತಲೆಗೆ. ಜಾಮೀನಿಗೆ, ದವಾಖಾನೆಗೆ ಅವ್ವನ ಕೊರಳಿನ ಬೋರಮಾಳ ಗಿರವಿ. ಎದುರಿಗೆ ಬಂದ ಬೈಕಿನವನೂ ನಮ್ಮಂಥ ಬಡವನೇ. ಅವನ ಮನೆಯಲ್ಲೂ ಗೋಳು!

ಲಾರಿಯಂಥ ಭಾರಿ ವಾಹನ ಕಲಿಸಲು ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ಹಾಕಿದ ಲೆಕ್ಕ 6 ವಾರ, 38 ತಾಸು. ನಮಗೆ 38 ನಿಮಿಷವಾದರೂ ಯಾರು ಕಲಿಸಿದರು? 20 ವರ್ಷ ತುಂಬದವನು ಬಾಡಿಗೆ ಲಾರಿ ಓಡಿಸುವಂತಿಲ್ಲ. ಲೈಟ್ ಲೈಸೆನ್ಸ್ ಬಂದು ಒಂದು ವರ್ಷ ಆಗದೆ ಲಾರಿಯ ಎಲ್‌ಎಲ್‌ಆರ್ ಕೂಡ ಸಿಗುವುದಿಲ್ಲ. ಲೈಸೆನ್ಸ್ ಇಲ್ಲದವನಿಗೆ ಗಾಡಿ ಕೊಟ್ಟ ಮಾಲಕನೂ ಅಪರಾಧಿ. ಇದು 1988ರ ಮೋಟಾರು ವಾಹನ ಕಾಯ್ದೆ. ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ಮಾತ್ರ ದುಡಿಸಬೇಕೆಂದು 1961ರಲ್ಲೇ ಕಾನೂನು ಬರೆದರು. ನಮ್ಮ ಸೀಜನ್ನಿನಲ್ಲಿ ಹಗಲು ಯಾವುದು, ರಾತ್ರಿ ಯಾವುದು?

ತಮ್ಮಂದಿರೇ, ಟ್ರಯಲ್ ದಿನಕ್ಕೂ ಪಗಾರ ಕೇಳಿ, ಭತ್ತೆ ಕೇಳಿ! ಮೊದಲ ಟ್ರಿಪ್‌ಗಳಿಗೆ ಪಕ್ಕದಲ್ಲಿ ಪಳಗಿದ ಡ್ರೈವರ್ ಬೇಕೆಂದು ಹಟ ಹಿಡಿಯಿರಿ. ಮುಂಗಡ ಕೊಟ್ಟೆವೆಂದು ಲೈಸೆನ್ಸ್ ಒತ್ತೆ ಕೇಳಿದರೆ ಕೊಡಬೇಡಿ. ಅದು ನಿಮ್ಮ ಕಿಸೆಯಲ್ಲೇ ಇರಲಿ. ಬ್ರೇಕ್ ಸರಿಯಿಲ್ಲ, ಹಿಂದಿನ ಲೈಟ್ ಇಲ್ಲ ಅಂದರೆ ಗಾಡಿ ಹತ್ತಬೇಡಿ. ಬೈದರೆ ಬೈಯಲಿ!

ಅಣ್ಣಂದಿರೇ, "ನಾವೂ ಬೈಸಿಕೊಂಡೇ ಕಲಿತವರು" ಅನ್ನಬೇಡಿ. ನಾವು ಉಂಡ ಕಷ್ಟ ನಮ್ಮ ಹುಡುಗರಿಗೆ ಯಾಕೆ ಬಡಿಸಬೇಕು? ಕ್ಲೀನರ್ ಹುಡುಗನಿಗೆ ಕೈ ಹಿಡಿದು ಕಲಿಸಿ.

ರಾಜ್ಯದಲ್ಲಿ 2024ರಲ್ಲಿ ಮೋಟಾರು ಸಾರಿಗೆ ಕಾರ್ಮಿಕರ ಕಲ್ಯಾಣಕ್ಕೆಂದೇ ಕಾಯ್ದೆ ಆಗಿದೆ, ಮಂಡಳಿ ಆಗಿದೆ. ಡ್ರೈವರ್, ಕ್ಲೀನರ್, ಗ್ಯಾರೇಜ್ ಕೆಲಸದವರು ಹೆಸರು ಹಚ್ಚಬಹುದು. ನೋಂದಾಯಿತ ಡ್ರೈವರ್ ಅಪಘಾತದಲ್ಲಿ ಸತ್ತರೆ ಮನೆಯವರಿಗೆ 5 ಲಕ್ಷ ರೂಪಾಯಿ ಪರಿಹಾರವಿದೆ. ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ ಇದೇ ವಾರ ಹೆಸರು ಹಚ್ಚಿ. ಸತ್ತ ಮೇಲೆ ಹಚ್ಚಲು ಬರುವುದಿಲ್ಲ!

ಕೂಡಿದರೆ ಏನಾಗುತ್ತದೆ ಅನ್ನುವವರಿಗೆ 2024ರ ಜನವರಿ ನೆನಪಿರಲಿ. ಹೊಸ ಕ್ರಿಮಿನಲ್ ಕಾನೂನಿನಲ್ಲಿದ್ದ, ಗುದ್ದಿ ಓಡಿದರೆ 10 ವರ್ಷದ ತನಕ ಜೈಲು ಎಂಬ ಕಲಮಿನ ವಿರುದ್ಧ ದೇಶದ ಡ್ರೈವರ್‌ಗಳು ಗಾಡಿ ನಿಲ್ಲಿಸಿದರು. ಜುಲೈ 1ಕ್ಕೆ ಆ ಕಾನೂನು ಜಾರಿಗೆ ಬಂದಾಗ ಆ ಒಂದು ಕಲಮನ್ನು ಸರ್ಕಾರ ತಡೆಹಿಡಿಯಿತು.

ನಮ್ಮ ಬೇಡಿಕೆ ಅದಕ್ಕಿಂತ ಸಣ್ಣದು. ಬರ್ರಿ, ಊರೂರಿನ ಲಾರಿ ಸ್ಟ್ಯಾಂಡಿನಲ್ಲಿ ಕೂಡೋಣ. ಮಾಲಕರ ಮುಂದೆ ಒಬ್ಬೊಬ್ಬರೇ ನಿಲ್ಲುವುದು ಬೇಡ, ಎಲ್ಲರೂ ಒಟ್ಟಿಗೆ ನಿಲ್ಲೋಣ. ಪಗಾರ ಮಾತಾಗದೆ, ಕಲಿಸದೆ, ಈ ಸೀಜನ್ನಿಗೆ ಒಬ್ಬ ಹುಡುಗನೂ ಚಾವಿ ಮುಟ್ಟಬಾರದು!

ಇಂತಿ,
ನಿಮ್ಮಂತೆಯೇ ಸ್ಟೇರಿಂಗ್ ಹಿಡಿದು ದುಡಿಯುವ ಡ್ರೈವರ್‌ಗಳು, ಮುಗಳಖೋಡ