ಅವ್ವನ ಉದ್ಯೋಗ

ಅವ್ವ ತೀರಿಕೊಂಡ ವಾರದಲ್ಲೇ ಮರಣ ನೋಂದಣಿಯ ನಮೂನೆ ತುಂಬಲು ನನ್ನ ತಮ್ಮ ಕೂತ. ಹೆಸರು, ಗಂಡನ ಹೆಸರು, ವಯಸ್ಸು ಎಪ್ಪತ್ತಾರು, ಎಲ್ಲ ಸರಾಗವಾಗಿ ಸಾಗಿತು. ಮೃತರ ಉದ್ಯೋಗ ಎಂದಿದ್ದ ಕಡೆಯೂ ಪೆನ್ನು ತಡವರಿಸಲಿಲ್ಲ. ‘ಇಲ್ಲ’ ಎಂದು ಬರೆದು ಮುಂದಕ್ಕೆ ಹೋದ. ಉದ್ಯೋಗವಿಲ್ಲದವರಿಗೆ ಹಾಗೇ ಬರೆಯಿರಿ ಎಂದು ನಮೂನೆಯೇ ಹೇಳುವಾಗ ಅವನನ್ನು ಬೈದು ಏನು ಬಂತು! ಅದೇ ಹೊತ್ತಿಗೆ ಕೊಟ್ಟಿಗೆಯಲ್ಲಿ ಎರಡು ಸೀಮೆಹಸುಗಳು ಕೆಚ್ಚಲು ಬಿಗಿದು ಅರಚುತ್ತಿದ್ದವು. ಅವಕ್ಕೆ ಅವ್ವನ ಕೈ ಬಿಟ್ಟರೆ ಬೇರೆ ಕೈ ಗೊತ್ತಿರಲಿಲ್ಲ. ಪಕ್ಕದ ಮನೆಯ ಚಿಕ್ಕಮ್ಮ ಅವ್ವನ ಹಳೇ ಸೀರೆ ಸುತ್ತಿಕೊಂಡು ಹೋಗಿ ಕೂತ ಮೇಲೇ ಅವು ಹಾಲು ಬಿಟ್ಟದ್ದು.

ನಮ್ಮದು ತಿಪಟೂರು ಸೀಮೆ. ಇಲ್ಲಿ ಕೊಬ್ಬರಿ ಎಂದರೆ ಗಂಡಸರ ಮಾತು. ಇವತ್ತು ಟೆಂಡರ್ ಎಷ್ಟಕ್ಕೆ ನಿಂತಿತು, ನಾಫೆಡ್ ಯಾವಾಗ ಕೊಳ್ಳುತ್ತದೆ ಎಂಬುದೇ ಕಟ್ಟೆಯ ಮೇಲಿನ ಚರ್ಚೆ. ಆದರೆ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯಿಯ ಚಿಪ್ಪು ಬಿಡಿಸಿ, ಒಡಕು ಬೇರೆ ಉಂಡೆ ಬೇರೆ ಮಾಡಿ ಚೀಲಕ್ಕೆ ತುಂಬುವುದು ನಮ್ಮ ಮನೆಯಲ್ಲಿ ಹೆಂಗಸರ ಪಾಲಿನ ಕೆಲಸ. ಅವ್ವ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು, ಗಿಟುಕಾಗಿದೆಯೋ ಇನ್ನೂ ನೀರಿದೆಯೋ ಹೇಳಿಬಿಡುತ್ತಿದ್ದಳು. ಮಳೆಗಾಲದಲ್ಲಿ ಬಿದ್ದ ಗರಿ ಸೀಳಿ ಕಡ್ಡಿ ಪೊರಕೆ ಕಟ್ಟಿ ಸಂತೆಗೆ ಕಳಿಸುತ್ತಿದ್ದಳು. ಪೊರಕೆಯ ಕಾಸು ಅವಳದು, ಕೊಬ್ಬರಿಯ ದುಡ್ಡು ಅಪ್ಪನದು. ಈ ಪಾಲು ಯಾರು ಯಾವಾಗ ಮಾಡಿದರೋ, ಯಾರೂ ಪ್ರಶ್ನಿಸಿದ್ದಿಲ್ಲ.

ಡೇರಿಯದೂ ಅದೇ ಕಥೆ. ಬೆಳಗಿನ ನಾಲ್ಕಕ್ಕೆ ಎದ್ದು ಗಂಜಲ ಬಾಚಿ, ಹಿಂಡಿ ಬೂಸಾ ಕಲಸಿ, ಕರೆದು, ಕ್ಯಾನು ಹೊತ್ತು ಹೋಗುವವಳು ಅವ್ವ. ಡಿಗ್ರಿ ಕಡಿಮೆ ಬಂತೆಂದು ಕಾರ್ಯದರ್ಶಿಯ ಕೈಲಿ ಮಾತು ಕೇಳುವವಳೂ ಅವಳೇ. ಸಂಘದ ಷೇರು ಮಾತ್ರ ಅಪ್ಪನ ಹೆಸರಿನಲ್ಲಿ. ಬಟವಾಡೆಯಾಗಲಿ, ಸರ್ಕಾರ ಲೀಟರಿಗೆ ಕೊಡುತ್ತಿದ್ದ 5 ರೂಪಾಯಿ ಪ್ರೋತ್ಸಾಹಧನವಾಗಲಿ ಬೀಳುತ್ತಿದ್ದುದು ಅವನ ಖಾತೆಗೆ. ಅಪ್ಪ ಹೋದ ಮೇಲೆ ಷೇರು ತಮ್ಮನ ಹೆಸರಿಗೆ ಬಂತು. ನನ್ನ ತಮ್ಮ ಒಳ್ಳೆಯವನು, ಆದರೆ ಹಸುವಿನ ಕೆಚ್ಚಲಿಗೆ ಕೈ ಹಾಕಿದವನಲ್ಲ.

ಇಷ್ಟರ ನಡುವೆ ಅವ್ವ ಬೆಂಗಳೂರಿನಲ್ಲೂ ದುಡಿದಳು. 2004ರಲ್ಲಿ ನನ್ನ ಮಗ ಹುಟ್ಟಿದಾಗ ಕಾನೂನು ಕೊಡುತ್ತಿದ್ದ ಹೆರಿಗೆ ರಜೆ 12 ವಾರ. ಅದು 26 ವಾರವಾದದ್ದು 2017ರಲ್ಲಿ. ನಾನು ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಕೂಸು ಇನ್ನೂ ಕತ್ತು ನಿಲ್ಲಿಸುವ ಮೊದಲೇ ಹೋಗಿ ಕೂರಬೇಕಿತ್ತು. ‘ನೀ ಹೋಗವ್ವ ಕೆಲ್ಸಕ್ಕೆ, ಕೂಸು ನನ್ ಕೈಲಿರ್ತದೆ’ ಎಂದವಳು ಒಂದು ಚೀಲ ರಾಗಿ, ಹರಳೆಣ್ಣೆ, ಬಜೆಬೇರು ಕಟ್ಟಿಕೊಂಡು ಬಂದಳು. ಬಾಡಿಗೆ ಮನೆಯ ಬಚ್ಚಲಲ್ಲಿ ಕಾಲು ಚಾಚಲು ಜಾಗವಿರಲಿಲ್ಲ. ಮಾಲೀಕರ ಹತ್ತಿರ ಜಗಳವಾಡಿ ಹಿತ್ತಲಿನ ಒಗೆಯುವ ಕಲ್ಲಿನ ಜಾಗ ಗಿಟ್ಟಿಸಿದಳು. ಅಲ್ಲಿ ಮಣೆ ಹಾಕಿ ಕೂತು, ಚಾಚಿದ ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎರೆದಳು. ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಜರಡಿ ಹಿಡಿದು ಸರಿ ಹಿಟ್ಟು ಮಾಡಿದಳು. ನಾನು ಸಂಜೆ ಬರುವ ಹೊತ್ತಿಗೆ ಕೂಸಿಗೆ ಸಾಂಬ್ರಾಣಿ ಹೊಗೆ, ನನಗೆ ಸಬ್ಬಸಿಗೆ ಸೊಪ್ಪಿನ ಸಾರು.

ಹಾಗಿದ್ದರೆ ಊರಿನ ಹಸು? ಚಿಕ್ಕಮ್ಮ ನೋಡಿಕೊಂಡಳು, ಮುಯ್ಯಾಳಿನ ಲೆಕ್ಕದಲ್ಲಿ. ಅವಳ ಮಗಳ ಬಾಣಂತನ ಬಂದಾಗ ಅವ್ವ ಎರಡೂ ಕೊಟ್ಟಿಗೆ ನಿಭಾಯಿಸಿ ತೀರಿಸಿದಳು. ಎಲ್ಲೂ ಬರೆದಿಡದ ಈ ಲೆಕ್ಕದಲ್ಲಿ ಒಂದು ದಿನವೂ ಹೆಚ್ಚುಕಮ್ಮಿ ಆಗಿರಲಿಲ್ಲ. ಕಂಪನಿಯ ಲೆಕ್ಕಪತ್ರ ನೋಡುತ್ತಿದ್ದ ನನಗೆ ಇದು ಈಗಲೂ ಬೆರಗು.

ಅವ್ವ ದೇವತೆಯೇನಲ್ಲ. ಮೊಮ್ಮಗನ ಮುದ್ದೆಗೆ ಒಂದು ಚಮಚ ತುಪ್ಪ ಹೆಚ್ಚು ಬೀಳುತ್ತಿತ್ತು, ಮೊಮ್ಮಗಳಿಗೆ ಒಂದು ಮಾತು ಹೆಚ್ಚು ಬೀಳುತ್ತಿತ್ತು. ಸೊಸೆಯ ಕುಕ್ಕರ್ ಅನ್ನವನ್ನು ಕೊನೆಯವರೆಗೂ ಒಪ್ಪಲಿಲ್ಲ. ಆದರೂ ಪತ್ರಿಕೆಗೆ ಕೊಟ್ಟ ಶ್ರದ್ಧಾಂಜಲಿಯಲ್ಲಿ ನಾವೂ ಎಲ್ಲರಂತೆ ಮಮತಾಮಯಿ, ಸಹನಾಮೂರ್ತಿ ಎಂದೇ ಹಾಕಿಸಿದೆವು. ಸಹನೆ ಅವಳ ಹತ್ತಿರವೂ ಸುಳಿದಿರಲಿಲ್ಲ ಎಂಬುದು ಡೇರಿಯ ಕಾರ್ಯದರ್ಶಿಗೆ ಚೆನ್ನಾಗಿ ಗೊತ್ತು.

ಇಂಥ ಹೆಂಗಸರ ದುಡಿಮೆಗೆ ಬೆಲೆ ಕಟ್ಟುವ ಪ್ರಯತ್ನ ಈ ದೇಶದಲ್ಲಿ ಹೆಚ್ಚಾಗಿ ನಡೆದಿರುವುದು ಅವರು ಸತ್ತ ಮೇಲೆ, ನ್ಯಾಯಾಲಯದಲ್ಲಿ. 1989ರ ಮಾರ್ಚ್‌ನಲ್ಲಿ ಜೆಮ್‌ಶೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆಯ ಸಮಾರಂಭದಲ್ಲಿ ಬೆಂಕಿ ಬಿದ್ದು ಹಲವರು ಸತ್ತರು, ಅವರಲ್ಲಿ ಗೃಹಿಣಿಯರೂ ಇದ್ದರು. ಲತಾ ವಾಧ್ವಾ ಪ್ರಕರಣವೆಂದು ಹೆಸರಾದ ಆ ವ್ಯಾಜ್ಯದಲ್ಲಿ 2001ರಲ್ಲಿ ಸುಪ್ರೀಂ ಕೋರ್ಟ್ 34ರಿಂದ 59 ವರ್ಷದ ಗೃಹಿಣಿಯ ಸೇವೆಯನ್ನು ವರ್ಷಕ್ಕೆ 36,000 ರೂಪಾಯಿ ಎಂದು ಎಣಿಸಿತು. 62ರಿಂದ 72ರ ವಯಸ್ಸಾದವರಿಗೆ 20,000. ಅದೂ ಮೊದಲು 10,000 ಎಂದಿದ್ದದ್ದು ಸಾಲದೆಂದು ಏರಿಸಿದ ಮೇಲೆ. ಬೆಲೆ ಕಟ್ಟಿದ್ದೇ ದೊಡ್ಡ ಮಾತು, ಒಪ್ಪುತ್ತೇನೆ. ಆದರೆ ಅರವತ್ತು ದಾಟಿದವಳ ಕೆಲಸ ಕಮ್ಮಿ ಎಂಬ ಎಣಿಕೆಯನ್ನು ಒಪ್ಪಲಾರೆ. ನನ್ನ ತಂಗಿಯ ಬಾಣಂತನ, ತಮ್ಮನ ಹೆಂಡತಿಯ ಬಾಣಂತನ ಎರಡನ್ನೂ ಅವ್ವ ಮಾಡಿದ್ದು ಅರವತ್ತೆರಡರ ಮೇಲೆಯೇ. ಅಜ್ಜಿಯಾದ ಮೇಲೆ ಅವಳ ಕೆಲಸ ಒಂದು ಮನೆಯಿಂದ ಮೂರು ಮನೆಗೆ ಹರಡಿತೇ ಹೊರತು ಇಳಿಯಲಿಲ್ಲ.

ಜನಗಣತಿಯ ಕಥೆ ಇನ್ನೂ ಕೆಟ್ಟದು. ಮನೆಗೆಲಸ ಮಾಡುವವರನ್ನು ಭಿಕ್ಷುಕರು, ಕೈದಿಗಳ ಜೊತೆ ದುಡಿಯದವರ ಸಾಲಿಗೆ ಸೇರಿಸಿದ್ದನ್ನು 2010ರಲ್ಲಿ ಸುಪ್ರೀಂ ಕೋರ್ಟೇ ಖಂಡಿಸಿತು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಕೂಲಿಯಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಅದಕ್ಕೆ ಕೊಡುತ್ತಾರೆ. ಎಣಿಸಲು ಬರುತ್ತದೆ ಎಂದಾಯಿತಲ್ಲ. ಎಣಿಸಿದ್ದನ್ನು ದುಡಿಮೆ ಎಂದು ಬರೆಯಲು ಮಾತ್ರ ಕೈ ಬರುವುದಿಲ್ಲ.

ಬೇಕೆಂದರೆ ಅದೂ ಬರುತ್ತದೆ ಎನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ‘ಕೂಸಿನ ಮನೆ’ಗಳಲ್ಲಿ ಕೂಲಿಗೆ ಹೋಗುವವರ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರಿಗೆ ನರೇಗಾ ಕೂಲಿ ಗೊತ್ತುಮಾಡಲಾಯಿತು. 2025–26ರಲ್ಲಿ ಆ ದರ ಕರ್ನಾಟಕದಲ್ಲಿ ದಿನಕ್ಕೆ 370 ರೂಪಾಯಿ. ಅಲ್ಲಿ ಕೂಸಿಗೆ ಉಣ್ಣಿಸಿ ಮಲಗಿಸಿದರೆ ಕೂಲಿ, ಮನೆಯಲ್ಲಿ ಅದನ್ನೇ ಮಾಡಿದರೆ ಮಮತೆ. ಪ್ರತಿ ಅಜ್ಜಿಗೂ ಕೂಲಿ ಕೊಡಿ ಎಂದು ನಾನು ಕೇಳುತ್ತಿಲ್ಲ, ಖಜಾನೆಯ ಸ್ಥಿತಿ ನನಗೂ ಗೊತ್ತು. ಆದರೆ ಇಂಥವಳಿಗೆ ತಿಂಗಳಿಗೆ 1,200 ರೂಪಾಯಿಯ ಸಂಧ್ಯಾ ಸುರಕ್ಷಾ ಕೊಟ್ಟು, ದುಡಿಯದೆ ಕೂತವಳಿಗೆ ದಯೆ ತೋರಿಸಿದೆವು ಎಂಬಂತೆ ಮಾತನಾಡುವುದನ್ನಾದರೂ ನಿಲ್ಲಿಸಬಹುದು.

ಗೃಹಲಕ್ಷ್ಮಿ ಹಣ ಬಂದಾಗಲೂ ಇಂಥ ಮಾತೇ. ಹೆಂಗಸರು ಸೀರೆಗೆ ಸುರಿಯುತ್ತಾರೆ ಎಂದು ಕಟ್ಟೆಯ ಮೇಲೆ ಗೊಣಗಿದರು. ಪಡಿತರ ಚೀಟಿಯಲ್ಲಿ ಯಜಮಾನಿ ಅವ್ವ. ಮೊದಲ 2,000 ರೂಪಾಯಿಯಲ್ಲಿ ಮೊಮ್ಮಕ್ಕಳಿಗೆ ಏನಾದರೂ ತರುತ್ತಾಳೆಂದು ನಾವು ಕಾದಿದ್ದೆವು. ಅವಳು ತನಗೊಂದು ಜೊತೆ ಚಪ್ಪಲಿ, ಕೊಟ್ಟಿಗೆಗೆ ಹೋಗಲು ಒಂದು ಟಾರ್ಚು ಕೊಂಡಳು. ಉಳಿದದ್ದನ್ನು ಯಾರಿಗೂ ಹೇಳಲಿಲ್ಲ. ತನ್ನದೇ ಖಾತೆಗೆ ತಿಂಗಳು ತಿಂಗಳು ದುಡ್ಡು ಬೀಳುವುದನ್ನು ಅವಳು ಕಂಡದ್ದು ಎಪ್ಪತ್ತು ದಾಟಿದ ಮೇಲೆ.

ಈಗ ನಮ್ಮ ಕೊಟ್ಟಿಗೆ ತಮ್ಮನ ಹೆಂಡತಿಯ ಪಾಲಿಗೆ ಬಂದಿದೆ. ಷೇರನ್ನು ಅವಳ ಹೆಸರಿಗೆ ಮಾಡಿಸು ಎಂದು ತಮ್ಮನಿಗೆ ಹೇಳಿದ್ದೇನೆ. ಸಂಘಕ್ಕೆ ಅರ್ಜಿ ಕೊಟ್ಟಿದ್ದಾನೆ. ನಿಮ್ಮ ಮನೆಯಲ್ಲೂ ಹಾಲು ಕರೆಯುವವರು ಒಬ್ಬರು, ಡೇರಿಯ ಪುಸ್ತಕದಲ್ಲಿರುವವರು ಇನ್ನೊಬ್ಬರು ಆಗಿದ್ದರೆ, ಮುಂದಿನ ಬಟವಾಡೆಗೆ ಮೊದಲು ಹೆಸರು ಬದಲಾಯಿಸಿ. ಜನಗಣತಿಯವರು ಬಾಗಿಲಿಗೆ ಬಂದು ಅಮ್ಮ ಏನು ಮಾಡುತ್ತಾರೆ ಎಂದು ಕೇಳಿದರೆ ಮನೇಲೇ ಇರ್ತಾರೆ ಎನ್ನಬೇಡಿ. ಮಾಡುವ ಕೆಲಸಗಳನ್ನು ಅವರ ಬಾಯಿಂದಲೇ ಹೇಳಿಸಿ, ಬರೆದುಕೊಳ್ಳುವವರೆಗೆ ಬಿಡಬೇಡಿ.